ಆ ಅಂಕಿಗಳೇನು ಹೇಳಿ

ನಮಸ್ಕಾರ.

ನೀವು ಕೊಂಡ ಹಳೆಯ ಅಮೆರಿಕನ್ ಕ್ಯಾನೂ (ಹುಟ್ಟು ಹಾಕಿ ನಡೆಸುವ ಕಿರಿದಾದ ಹಗುರ ದೋಣಿ) ಕಟ್ಟಿದವರು ಯಾರೆಂದು ಹುಡುಕುವ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾಗದು. ಹಾಗಂತ ಬಿಡುವ ಮನಸ್ಸೂ ಇಲ್ಲ.

ಮೊದಲ ಎರಡು ಪುಟ ತೆಗೆಯಿರಿ. ಬರ್ಚ್ ತೊಗಟೆಯ ದೋಣಿಗಳಿಂದ ಹೊರಟು ಮೇಯ್ನ್ ರಾಜ್ಯದ ಕಾರ್ಖಾನೆ ಮುಟ್ಟುವಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ.

ಡೆಕ್ (ದೋಣಿಯ ತುದಿಯನ್ನು ಮೇಲಿಂದ ಮುಚ್ಚುವ ಮರದ ತುಂಡು) ಮೇಲಿನ ಹಿತ್ತಾಳೆ ತಗಡಿನಲ್ಲಿ ಹೆಸರು ಕಂಡಿದ್ದೇ ತಡ, ಕಟ್ಟಿದವರು ಅವರೇ ಎಂದುಬಿಟ್ಟಿದ್ದೀರಿ. ದೋಣಿ ಮಾರಿದ ಅಂಗಡಿಯವರೂ ತಮ್ಮ ತಗಡು ಹೊಡೆಯುತ್ತಿದ್ದರು. ಕಾರ್ಲ್‌ಟನ್ ಕಂಪನಿಯನ್ನು ಓಲ್ಡ್ ಟೌನ್ ಎಂಬ ದೋಣಿ ಕಂಪನಿ ಕೊಂಡ ಮೇಲೂ ಕಾರ್ಲ್‌ಟನ್ ಹೆಸರಿನ ದೋಣಿಗಳು ಬರುತ್ತಲೇ ಇದ್ದವು.

ನಿಜವಾದ ಲೇಖನ ಐದನೇ ಪುಟದಲ್ಲಿ ಅವಿತಿದೆ: ‘ಒಳಗಡೆ, ಮೂತಿಯ ಬಾಗುಮರದ ಮೇಲೆ ಏನೋ ಅಂಕಿಗಳಿವೆ.’ ಏನೋ ಎಂದರೆ? ಎಷ್ಟು ಅಂಕಿ? ದೋಣಿಯ ಎರಡೂ ತುದಿಯಲ್ಲಿ ಒಂದೇ ಇದೆಯೇ? ಓಲ್ಡ್ ಟೌನ್ ದೋಣಿಯಾದರೆ ಅಲ್ಲಿ ಕ್ರಮಸಂಖ್ಯೆ ಒತ್ತಿರುತ್ತದೆ, ಅದರ ಪಕ್ಕ ಉದ್ದ ಅಡಿಗಳಲ್ಲಿ: 16, 17, 18, ಹೀಗೆ. ಆ ಕಂಪನಿಯ ದಾಖಲೆ ಚೀಟಿಗಳು ಬಹುಪಾಲು ಉಳಿದಿವೆ. ಮಾದರಿ, ಡೆಕ್ಕಿನ ಮರ, ಬಣ್ಣ, ಕಾರ್ಖಾನೆ ಬಿಟ್ಟ ದಿನ, ಎಲ್ಲ ಅದರಲ್ಲಿರುತ್ತದೆ. ಬೇರೆ ಕಂಪನಿಗಳೂ ಅಂಕಿ ಒತ್ತುತ್ತಿದ್ದವು. ಹಾಗಾಗಿ ಚೀಟಿಯಲ್ಲಿ 17 ಅಡಿ ಇದ್ದು ನಿಮ್ಮ ಟೇಪು 16 ತೋರಿಸಿದರೆ ಆ ಚೀಟಿ ನಿಮ್ಮದಲ್ಲ. ಅಂಕಿಯ ಮೇಲೆ ವಾರ್ನಿಷ್ ಕೂತಿದ್ದರೆ ಮರಳುಕಾಗದ ಹಾಕಬೇಡಿ, ಅಂಕಿಯೂ ಅಳಿಸಿಹೋಗುತ್ತದೆ. ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ.

ಇನ್ನೊಂದು ಕಡೆ, ಪಕ್ಕೆಗಳ ತುದಿಗಳು ಒಳ ಅಂಚುಪಟ್ಟಿಯಲ್ಲಿ ಕೊರೆದ ಗೂಡುಗಳೊಳಗೆ ಕೂತಿವೆ ಎಂದಿದ್ದೀರಿ. ಇದು ಮೋರಿಸ್ ಎಂಬ ಇನ್ನೊಂದು ಕಂಪನಿಯ ದೋಣಿಯ ಲಕ್ಷಣ, ಆದರೆ ಅವರೊಬ್ಬರದೇ ಅಲ್ಲ. ಮೋರಿಸ್ ತನ್ನ ಸಂಖ್ಯೆಯನ್ನು ಅಂಚುಪಟ್ಟಿಯ ಮೇಲೆ ಪುಟ್ಟ ತಗಡಿನಲ್ಲಿ ಹಾಕುತ್ತಿತ್ತು. ಅಂದರೆ ಬಾಗುಮರದ ಅಂಕಿ, ಪಕ್ಕೆಯ ಗೂಡು, ನಿಮ್ಮ ಈ ಎರಡು ಸುಳಿವುಗಳು ಒಂದಕ್ಕೊಂದು ಜಗಳವಾಡುತ್ತಿವೆ, ನೀವು ಗಮನಿಸಿಯೇ ಇಲ್ಲ! ಆ ಜಗಳವನ್ನೇ ಬರೆಯಿರಿ. ತಗಡು ಕಿತ್ತುಹೋಗಿ ಸಣ್ಣ ಮೊಳೆಗಳ ತೂತು ಉಳಿದಿದೆಯೇ, ಬಾಗುಮರ ಆಮೇಲೆ ಬದಲಾಯಿಸಿದ್ದೇ, ನೋಡಿ ಹೇಳಿ. ವಜ್ರದಾಕಾರದ ತಲೆಯ ಬೋಲ್ಟಿಗೆ ಕೊಟ್ಟ ಪ್ಯಾರಾ ಬೇಡ. ಅದನ್ನು ಹಲವರು ಬಳಸುತ್ತಿದ್ದರು.

‘ಬಹುಶಃ ಮೋರಿಸ್’ ಎಂದು ನಿಲ್ಲಿಸಿದರೂ ನನ್ನ ತಕರಾರಿಲ್ಲ, ಆ ‘ಬಹುಶಃ’ ಎಲ್ಲಿಂದ ಬಂತು ಎಂಬುದು ತಿಳಿದರೆ ಸಾಕು. ‘ಕಾಲದ ಮೂಕ ಸಾಕ್ಷಿ’ ಎಂಬ ಕಡೆಯ ಪ್ಯಾರಾ ಹೊಡೆದುಹಾಕಿದ್ದೇನೆ. ಅಂಕಿಗಳದ್ದೂ ಡೆಕ್ಕಿನದ್ದೂ ಹತ್ತಿರದ ಫೋಟೊ ಜೊತೆಗಿಟ್ಟು, 1200 ಪದದೊಳಗೆ ತಿದ್ದಿ ಕಳಿಸಿ.