ಜೊತೆಯವರೊಂದಿಗೆ ಹೋಲಿಸಿಕೊಳ್ಳದೆ ದೇವರ ಸೇವೆ ಮಾಡುವುದು ಹೇಗೆ?

ಹಲವು ವರ್ಷಗಳಿಂದ ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೀರಿ. ನಿಮ್ಮ ಜೊತೆಗೇ ಸೇವೆಗೆ ಇಳಿದ ಗೆಳೆಯರು ಈಗ ದೊಡ್ಡ ಕೂಟಗಳಲ್ಲಿ ಪ್ರಸಂಗ ಮಾಡುತ್ತಿದ್ದಾರೆ. ಅವರನ್ನು ಕಂಡಾಗಲೆಲ್ಲ ನಿಮ್ಮ ಸೇವೆ ಲೆಕ್ಕಕ್ಕಿಲ್ಲದ್ದು ಅನಿಸುತ್ತದೆ ಎಂದು ಬರೆದಿದ್ದೀರಿ. ನಾನೂ ಒಂದು ಸಣ್ಣ ಸಭೆಯಲ್ಲಿ ಅದೇ ಕೆಲಸ ಮಾಡುವವನು. ನನಗೆ ಆಧಾರವಾಗಿರುವ ಭಾಗವೊಂದನ್ನು ನಿಮ್ಮ ಮುಂದಿಡುತ್ತೇನೆ.

ಅದು ಯೋಹಾನನ ಸುವಾರ್ತೆಯ 21ನೇ ಅಧ್ಯಾಯ. ತಿಬೇರಿಯ ಸಮುದ್ರದ ದಡದಲ್ಲಿ, ಕೆಂಡದ ಮೇಲೆ ಸುಟ್ಟ ಮೀನು ಮತ್ತು ರೊಟ್ಟಿಯ ಊಟ ಮುಗಿದ ಮೇಲೆ, ಯೇಸು ಪೇತ್ರನನ್ನು ‘ನನ್ನನ್ನು ಪ್ರೀತಿಸುತ್ತೀಯೋ’ ಎಂದು ಮೂರು ಸಾರಿ ಕೇಳಿ, ತನ್ನ ಕುರಿಗಳನ್ನು ಅವನಿಗೆ ಒಪ್ಪಿಸುತ್ತಾನೆ. ಅದರ ಬೆನ್ನಿಗೇ, ಮುದುಕನಾದಾಗ ಬೇರೊಬ್ಬನು ನಿನ್ನ ನಡುಕಟ್ಟಿ ನಿನಗೆ ಇಷ್ಟವಿಲ್ಲದ ಕಡೆಗೆ ಒಯ್ಯುವನು ಎಂದು ಅವನ ಮರಣದ ಬಗೆಯನ್ನೂ ಸೂಚಿಸುತ್ತಾನೆ. ಇಷ್ಟು ಭಾರವಾದ ಮಾತು ಕೇಳಿದ ಪೇತ್ರನು ಮೊದಲು ಮಾಡಿದ್ದು, ಹಿಂತಿರುಗಿ, ಯೇಸುವಿಗೆ ಪ್ರಿಯನಾಗಿದ್ದ ಇನ್ನೊಬ್ಬ ಶಿಷ್ಯನನ್ನು ನೋಡಿ, ‘ಇವನ ವಿಷಯ ಏನು?’ ಎಂದು ಕೇಳಿದ್ದು. ತನ್ನ ದಾರಿ ಕಠಿಣವೆಂದು ಗೊತ್ತಾದ ಗಳಿಗೆಯಲ್ಲೇ ಕಣ್ಣು ಪಕ್ಕದವನ ಕಡೆಗೆ ಹೊರಳಿತು. ‘ನಾನು ಬರುವ ತನಕ ಇವನು ಉಳಿದಿರಬೇಕೆಂಬುದು ನನ್ನ ಇಷ್ಟವಾದರೆ ಅದು ನಿನಗೇನು? ನೀನು ನನ್ನನ್ನು ಹಿಂಬಾಲಿಸು’ ಎಂಬುದು ಯೇಸುವಿನ ಉತ್ತರ. ಇನ್ನೊಬ್ಬನ ದಾರಿ ಸುಲಭವೋ ಕಷ್ಟವೋ ಎಂಬ ವಿವರಣೆಯನ್ನು ಆತನು ಕೊಡಲೇ ಇಲ್ಲ. ಆ ಮಾತನ್ನೇ ಹಿಡಿದು, ಆ ಶಿಷ್ಯನು ಸಾಯುವುದಿಲ್ಲವಂತೆ ಎಂಬ ಸುದ್ದಿ ಸಹೋದರರಲ್ಲಿ ಹಬ್ಬಿತೆಂದೂ, ಯೇಸು ಹಾಗೆ ಹೇಳಿರಲಿಲ್ಲವೆಂದೂ ಮುಂದಿನ ವಚನದಲ್ಲೇ ತಿದ್ದಬೇಕಾಯಿತು. ಪರರ ಪಾಲಿನ ಬಗ್ಗೆ ನಾವು ಕಟ್ಟಿಕೊಳ್ಳುವ ಕಥೆಗಳು ಬಹುಪಾಲು ಇಂಥವೇ.

ಪರದೇಶಕ್ಕೆ ಹೊರಟ ಯಜಮಾನನೊಬ್ಬನು ತನ್ನ ಆಳುಗಳಿಗೆ ತಲಾಂತು ಎಂಬ ಲೆಕ್ಕದಲ್ಲಿ ಹಣ ಒಪ್ಪಿಸಿಹೋದ, ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಸಾಮ್ಯವನ್ನೂ ಇದರ ಜೊತೆಗೆ ಓದಿ. ಐದು ತಲಾಂತು ದುಡಿಸಿದವನಿಗೂ ಎರಡು ದುಡಿಸಿದವನಿಗೂ ಯಜಮಾನನು ಆಡುವ ಮೆಚ್ಚುಗೆಯ ಮಾತು ಒಂದೇ. ಒಂದೇ ತಲಾಂತು ಸಿಕ್ಕಿದವನು ಕಡಿಮೆಯಾಯಿತೆಂಬ ಬೇಸರದಿಂದ ಅದನ್ನು ಹೂತಿಟ್ಟನೆಂದು ಕೆಲವು ಪ್ರಸಂಗಗಳಲ್ಲಿ ಹೇಳುವುದುಂಟು. ನನಗದು ಒಪ್ಪಿಗೆಯಿಲ್ಲ, ಏಕೆಂದರೆ ಅವನೇ ಕೊಡುವ ಕಾರಣ ಯಜಮಾನನ ಮೇಲಿನ ಭಯ. ಅಲ್ಲದೆ ಒಂದು ತಲಾಂತೆಂದರೆ ಆ ಕಾಲದ ಕೂಲಿಯವನೊಬ್ಬನ ಸುಮಾರು 20 ವರ್ಷಗಳ ದುಡಿಮೆ, ಪುಡಿಕಾಸಲ್ಲ.

ನಮ್ಮ ನಾಡಿನ ಸಭೆಗಳ ಚರಿತ್ರೆಯಲ್ಲೂ ನೋಡಬಹುದು. 1853ರಲ್ಲಿ ಬಾಸೆಲ್ ಮಿಷನ್ನಿನ ಸೇವೆಗೆ ಬಂದ ಕಿಟ್ಟೆಲ್ಲರ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಎಷ್ಟು ಜನ ಸೇರಿದರು, ಎಷ್ಟು ದೀಕ್ಷಾಸ್ನಾನಗಳಾದವು ಎಂಬ ಅಳತೆಗೆ ಸಿಗುವ ಕೆಲಸ ಅದಾಗಿರಲಿಲ್ಲ.

ಹಾಗೆಂದು ನಿಮ್ಮ ಕೆಲಸವನ್ನು ಪರೀಕ್ಷಿಸಿಕೊಳ್ಳಲೇಬೇಡಿ ಎಂದಲ್ಲ. ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲನು ಪ್ರತಿಯೊಬ್ಬನೂ ತನ್ನ ತನ್ನ ಕೆಲಸವನ್ನೇ ಪರಿಶೋಧಿಸಲಿ ಎನ್ನುತ್ತಾನೆ. ಕಳೆದ ತಿಂಗಳು ಹೇಳಿದ ಜಕ್ಕಾಯನ ಕಥೆಯನ್ನು ಮಗುವೊಂದು ಸ್ವಂತ ಮಾತಿನಲ್ಲಿ ಹೇಳಬಲ್ಲುದೇ, ಎರಡು ವಾರ ಬಾರದ ಹುಡುಗನ ಮನೆಗೆ ಯಾರಾದರೂ ಹೋದರೇ ಎಂದು ಕೇಳಿಕೊಳ್ಳುವುದು ಆ ಬಗೆಯ ಪರಿಶೋಧನೆ. ಗೆಳೆಯರ ಪ್ರಸಂಗದಿಂದ ಕಥೆ ಹೇಳುವ ರೀತಿಯನ್ನು ಕಲಿತರೆ ಅದೂ ತಪ್ಪಲ್ಲ.

ಕೊನೆಯದಾಗಿ ಒಂದು ವಿಷಯ: ನಿಮ್ಮ ನೋವು ಗೆಳೆಯರ ಹೆಸರಿನದೋ, ಅಥವಾ ಮಕ್ಕಳ ತರಗತಿಗೆ ಸಭೆ ಕೋಣೆಯನ್ನೂ ಪುಸ್ತಕವನ್ನೂ ಕೊಡದಿರುವುದರದೋ ಎಂದು ಬೇರ್ಪಡಿಸಿ ನೋಡಿ. ಎರಡನೆಯದಾದರೆ ಅದು ಹೊಟ್ಟೆಕಿಚ್ಚಲ್ಲ, ನ್ಯಾಯವಾದ ಬೇಡಿಕೆ. ಅದನ್ನು ಸಭಾಪಾಲಕರ ಮತ್ತು ಹಿರಿಯರ ಮುಂದೆ ನೇರವಾಗಿ ಇಡಿ.