ಪ್ರತಿಕ್ರಿಯೆ: ತೂಕದ ಯಂತ್ರದ ಕಾಲ್‌ಬ್ಯಾಕ್ ವಿಂಡೋಸ್‌ನಲ್ಲಿ ಮಾತ್ರ ಕ್ರ್ಯಾಶ್
ಸರ್, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ತೂಕದ ಯಂತ್ರಕ್ಕೆ ಬರೆದ ಪೈಥಾನ್ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಸರಿ, ವಿಂಡೋಸ್‌ನಲ್ಲಿ ಕ್ರ್ಯಾಶ್ ಅಂದಿರಿ. (ಕಾಲ್‌ಬ್ಯಾಕ್ ಅಂದ್ರೆ ಬೇಕಾದಾಗ ಲೈಬ್ರರಿಯೇ ವಾಪಸ್ ಕರೆಯಲಿ ಅಂತ ನಾವು ಅದಕ್ಕೆ ಕೊಡೋ ಫಂಕ್ಷನ್.) ಅಲ್ಲಿರೋ ಪೈಥಾನ್ 32-ಬಿಟ್ಟಾ? ಹಾಗಿದ್ರೆ ಕಾಲಿಂಗ್ ಕನ್ವೆನ್ಷನ್, ಅಂದ್ರೆ ಫಂಕ್ಷನ್ ಕರೆಯೋವಾಗ ಎರಡೂ ಕಡೆ ಪಾಲಿಸಬೇಕಾದ ನಿಯಮ, ನೋಡಿ. ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) ಎಸ್‌ಟಿಡಿಕಾಲ್ ಅನ್ನೋ ನಿಯಮ ಕೇಳಿದ್ರೆ, ಸಿಟೈಪ್ಸ್‌ನಲ್ಲಿ (ಪೈಥಾನ್‌ನಿಂದ ಸಿ ಲೈಬ್ರರಿ ಕರೆಯೋ ಮಾಡ್ಯೂಲ್) ಸಿಫಂಕ್‌ಟೈಪ್ ಬದಲು ವಿನ್‌ಫಂಕ್‌ಟೈಪ್ ಹಾಕಬೇಕು. 64-ಬಿಟ್‌ನಲ್ಲಿ ಈ ರಗಳೆಯೇ ಇಲ್ಲ.

ಆದರೆ ನನಗೆ ಹೆಚ್ಚು ಅನುಮಾನ ನೀವು ಹಾಕಿರೋ ಆ ಒಂದು ಸಾಲಿನ ಮೇಲೆ. ಲೈಬ್ರರಿಯ ಫಂಕ್ಷನ್ ಕರೆಯೋವಾಗ, ಬ್ರಾಕೆಟ್ ಒಳಗಿನ ಆರ್ಗ್ಯುಮೆಂಟ್ ಜಾಗದಲ್ಲೇ ಕಾಲ್‌ಬ್ಯಾಕನ್ನು ಸೃಷ್ಟಿಸಿದ್ದೀರಿ. ಆ ಕರೆ ಮುಗಿದ ಕೂಡಲೇ ಪೈಥಾನ್ ಅದನ್ನು ಅಳಿಸಿಬಿಡುತ್ತೆ. ಲೈಬ್ರರಿ ಮಾತ್ರ ಹಳೇ ವಿಳಾಸಕ್ಕೇ ಕರೀತಿರುತ್ತೆ, ಮನೆ ಖಾಲಿ ಮಾಡಿದವರ ಬಾಗಿಲು ಬಡಿದ ಹಾಗೆ. ಲಿನಕ್ಸ್‌ನಲ್ಲಿ ನಡೆದಿದ್ದು ಬರೀ ಅದೃಷ್ಟ. ಲೈಬ್ರರಿ ಬಳಸುವಷ್ಟು ಹೊತ್ತೂ ಅದನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಡಿ.

ಕಾಲ್‌ಬ್ಯಾಕ್ ಬೇರೆ ಥ್ರೆಡ್‌ನಿಂದ (ಪ್ರೋಗ್ರಾಂ ಒಳಗೇ ಜೊತೆಜೊತೆಗೆ ಓಡೋ ಇನ್ನೊಂದು ಎಳೆ) ಬರ್ತಿದ್ರೆ ಅಲ್ಲಿಂದ ಸ್ಕ್ರೀನ್ ಮೇಲಿರೋದನ್ನು ಬದಲಿಸಬೇಡಿ, ತೂಕವನ್ನು ಕ್ಯೂಗೆ (ಸಾಲಾಗಿ ಕಾಯೋ ಪಟ್ಟಿ) ಹಾಕಿ ಸುಮ್ಮನಿರಿ, ಮುಖ್ಯ ಥ್ರೆಡ್ ಅದನ್ನು ತೆಗೆದು ತೋರಿಸಲಿ.