ತಂತಿ ಆಫೀಸನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ

ನಮಸ್ಕಾರ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ನಿಮ್ಮನ್ನು ಕಾಯಿಸುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಸುಮ್ನೆ 'ವಿಷಾದಿಸುತ್ತೇವೆ' ಅಂತ ಬರೆದು ವಾಪಸು ಕಳಿಸುವಂಥ ಕಥೆಯೂ ಇದಲ್ಲ.

1898, ಅಲಾಸ್ಕಾದ ಸ್ಕ್ಯಾಗ್ವೇ. ಸಿಯಾಟಲ್‌ನ ಗುಮಾಸ್ತನೊಬ್ಬ ಗಡಿಯಾಚೆ ಕೆನಡಾದಲ್ಲಿರುವ ಕ್ಲಾಂಡೈಕ್ ಚಿನ್ನದ ಆಸೆಗೆ ಬಂದಿಳಿಯುತ್ತಾನೆ. ಊರಿನ ಮೋಸಗಾರರ ಸರದಾರ 'ಸೋಪಿ' ಸ್ಮಿತ್‌ನ ಗುಂಪಿಗೆ ಸಿಕ್ಕಿ ದುಡ್ಡು ಕಳೆದುಕೊಳ್ಳುತ್ತಾನೆ. ಕೊನೆಗೆ ಹಡಗುಗಳ ಧಕ್ಕೆಯ ಮೇಲೆ ಸ್ಮಿತ್ ಗುಂಡು ತಿಂದು ಬೀಳುವುದನ್ನು ಕಣ್ಣಾರೆ ನೋಡುತ್ತಾನೆ. ಹಂದರ ಚೆನ್ನಾಗಿದೆ. ಕನ್ನಡದವರಿಗೆ ಅಲಾಸ್ಕಾ ಯಾಕೆ, ಕೋಲಾರ ಇಲ್ವಾ ಅಂತ ಯಾರಾದರೂ ಕೇಳಿಯಾರು. ನಾನು ಕೇಳುವುದಿಲ್ಲ. ನನ್ನ ತಕರಾರು ಏನಂದರೆ, ನಿಮ್ಮ ಸ್ಕ್ಯಾಗ್ವೇ ಸಿನಿಮಾ ನೋಡಿ ಕಟ್ಟಿದ ಊರು.

ನಿಮ್ಮ ನಾಯಕ ಸ್ಕ್ಯಾಗ್ವೇಯಿಂದ ಕ್ಲಾಂಡೈಕ್ ಕಡೆಗೆ ಹೋಗುವ ವೈಟ್ ಪಾಸ್ ಘಾಟಿಯನ್ನು ಕುದುರೆ ಮೇಲೆ ನಾಗಾಲೋಟದಲ್ಲಿ ಹತ್ತುತ್ತಾನೆ. ಆ ದಾರಿಯಲ್ಲಿ ಸುಮಾರು 3,000 ಕುದುರೆಗಳು ಸತ್ತವು. 'ಸತ್ತ ಕುದುರೆಗಳ ದಾರಿ' ಅಂತಲೇ ಅದಕ್ಕೆ ಹೆಸರು ಬಿತ್ತು. ಗಡಿಯಲ್ಲಿ ಕೆನಡಾ ಪೊಲೀಸರು ಒಂದು ವರ್ಷಕ್ಕಾಗುವಷ್ಟು ದಿನಸಿ, ಸಾಮಾನು ಇದ್ದವರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಅಂದರೆ ಹೆಚ್ಚುಕಡಿಮೆ ಒಂದು ಟನ್ ಹೊರೆ. ಒಂದಷ್ಟು ಹೊತ್ತುಕೊಂಡು ಹೋಗಿ ಇಟ್ಟು, ವಾಪಸು ಬಂದು, ಇನ್ನೊಂದಷ್ಟು ಹೊರಬೇಕು. ಅದೇ ಕೆಸರು, ಅದೇ ಬಂಡೆ. ಇದರಲ್ಲಿ ನಾಗಾಲೋಟ ಎಲ್ಲಿಂದ ಬರಬೇಕು? ಕೊನೆಯ ದೃಶ್ಯದ 'ಕಗ್ಗತ್ತಲ ರಾತ್ರಿ'ಯೂ ಹಾಗೆಯೇ. ಅದು ಜುಲೈ 8ರ ರಾತ್ರಿ 9ರ ಸುಮಾರು. ಅಷ್ಟು ಉತ್ತರದಲ್ಲಿ, ಆ ತಿಂಗಳಲ್ಲಿ, ಆ ಹೊತ್ತಿಗೆ ಕಗ್ಗತ್ತಲಾಗುವುದಿಲ್ಲ. ಸ್ಮಿತ್‌ಗೆ ಆ ಅಡ್ಡಹೆಸರು ಬಂದ ಸೋಪಿನ ಮೋಸಕ್ಕೆ ಮೂರು ಪುಟ ಕೊಟ್ಟಿದ್ದೀರಿ. ಅದು ಅಲಾಸ್ಕಾಗೆ ಬರುವ ಮುಂಚಿನ ಅವನ ಡೆನ್ವರ್ ದಿನಗಳ ಕಥೆ. ತೆಗೆಯಿರಿ.

ಆ ಜಾಗ ತಂತಿ ಆಫೀಸಿಗೆ ಬೇಕು. ಸ್ಮಿತ್ ಸ್ಕ್ಯಾಗ್ವೇಯಲ್ಲೊಂದು ಟೆಲಿಗ್ರಾಫ್ ಆಫೀಸು ತೆರೆದಿದ್ದ. ಊರಿಗೆ ಒಂದು ತಂತಿ ಕಳಿಸಲು 5 ಡಾಲರ್. ಸ್ಕ್ಯಾಗ್ವೇಗೆ ನಿಜವಾದ ತಂತಿ ಬಂದದ್ದು 1901ರಲ್ಲಿ! ಅವನ ಆಫೀಸಿನ ತಂತಿ ಎಲ್ಲಿಗೂ ಹೋಗುತ್ತಿರಲಿಲ್ಲ. ಆದರೂ ಉತ್ತರ ಬರುತ್ತಿತ್ತು, ಅದಕ್ಕೂ ದುಡ್ಡು ತೆರಬೇಕಿತ್ತು. ಇದನ್ನು ನೀವು 'ಅವನು ನಕಲಿ ಟೆಲಿಗ್ರಾಫ್ ಆಫೀಸನ್ನೂ ನಡೆಸುತ್ತಿದ್ದ' ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಕಥೆ ಇಲ್ಲೇ ಇದೆಯಲ್ಲ! ಗುಮಾಸ್ತನ ತಾಯಿ ತೀರಿಕೊಂಡು ಎರಡು ವರ್ಷವಾಯಿತು ಅಂತ ನಿಮ್ಮ ಎರಡನೇ ಪುಟದಲ್ಲೇ ಇದೆ. ಅವನು ಅಪ್ಪನಿಗೆ ತಂತಿ ಕೊಡಲಿ. ಸಂಜೆಗೆ ಉತ್ತರ ಬರಲಿ: 'ಅಮ್ಮ, ನಾನು ಇಬ್ಬರೂ ಕ್ಷೇಮ. ಸ್ವಲ್ಪ ಹಣ ಕಳಿಸು.' ಅದನ್ನು ಓದುವಾಗ ಅವನ ಮುಖ ಹೇಗಿರುತ್ತದೆ? ಗೊತ್ತಾದ ಮೇಲೂ ಆ ಚೀಟಿಯನ್ನು ಅವನು ಹರಿಯದೆ ಜೇಬಿನಲ್ಲಿ ಇಟ್ಟುಕೊಂಡರೆ? ನಾನು ಜಾಸ್ತಿ ಹೇಳಿಬಿಟ್ಟೆ. ನಿಮಗೆ ಬೇರೆ ಏನಾದರೂ ಹೊಳೆದರೆ ಅದನ್ನೇ ಬರೆಯಿರಿ.

ಇನ್ನೊಂದು ದೊಡ್ಡ ತೊಂದರೆ ಇದೆ. ನಿಮ್ಮ ಕಥೆಯಲ್ಲಿ ಸ್ಮಿತ್ ಒಬ್ಬ ಕಳ್ಳ, ಉಳಿದ ಊರೆಲ್ಲ ಸಾಚಾ. ಜುಲೈ 4ರ ಅಮೆರಿಕದ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಇದೇ ಸ್ಮಿತ್ ತನ್ನ ಜನರ ಮುಂದೆ ಕುದುರೆ ಏರಿ ಸಾಗಿದ್ದ. ಊರು ನಿಂತು ನೋಡಿತ್ತು. ನಾಲ್ಕು ದಿನದಲ್ಲಿ ಅದೇ ಊರು ಅವನ ಮೇಲೆ ಯಾಕೆ ಎದ್ದು ನಿಂತಿತು? ಜುಲೈ 7ರಂದು ಸ್ಟೀವರ್ಟ್ ಅನ್ನುವವನು ಗಣಿಯಿಂದ ತಂದ ಚಿನ್ನದ ಚೀಲವನ್ನು ಸ್ಮಿತ್‌ನ ಹುಡುಗರು ಇಸ್ಪೀಟಿನ ನೆಪದಲ್ಲಿ ಹೊಡೆದುಕೊಂಡರು. ಸುಮಾರು 2,700 ಡಾಲರಿನ ಚಿನ್ನ. ಚಿನ್ನ ಹುಡುಕಲು ಹೋಗುವವರನ್ನು ದೋಚುವಷ್ಟು ದಿನ ಅಂಗಡಿಯವರು ಹೇಗೋ ಸಹಿಸಿದ್ದರು. ಚಿನ್ನ ಹೊತ್ತು ವಾಪಸು ಬರುವವರೇ ಹೆದರಿ ಬೇರೆ ದಾರಿ ಹಿಡಿದರೆ ವ್ಯಾಪಾರದ ಗತಿ ಏನು? ಆ ಲೆಕ್ಕವನ್ನು ನಿಮ್ಮ ಅಂಗಡಿಯವನ ಬಾಯಲ್ಲಿ ಒಂದು ಸಲವಾದರೂ ಕೇಳಿಸಿ. ಅವನು ಬರೀ 'ನ್ಯಾಯ, ನ್ಯಾಯ' ಅನ್ನುತ್ತಾನೆ. ಅಂಗಡಿಯವರು ಹಾಗೆ ಮಾತಾಡುತ್ತಾರಾ?

ಸ್ಮಿತ್‌ನ ಎದುರು ನಿಂತ ಫ್ರ್ಯಾಂಕ್ ರೀಡ್‌ನನ್ನು ನೀವು ದೇವರು ಮಾಡಿದ್ದೀರಿ. ಧಕ್ಕೆಯ ಮೇಲಿನ ಗುಂಡಿನ ಕಾಳಗದಲ್ಲಿ ಸ್ಮಿತ್ ಅಲ್ಲೇ ಸತ್ತ, ಗುಂಡು ತಿಂದ ರೀಡ್ 12 ದಿನ ನರಳಿ ಸತ್ತ. 'ಸ್ಕ್ಯಾಗ್ವೇಯ ಮಾನಕ್ಕಾಗಿ ಪ್ರಾಣ ಕೊಟ್ಟ' ಅಂತ ಅವನ ಗೋರಿಯ ಮೇಲೆ ಕೆತ್ತಿದ್ದಾರೆ. ಇದೇ ರೀಡ್ ಸರ್ವೆಯರ್ ಕೂಡ. ವಿಲಿಯಂ ಮೂರ್ ಅನ್ನುವ ಮುದುಕ ಕ್ಯಾಪ್ಟನ್ 1887ರಲ್ಲೇ ಅಲ್ಲಿ 160 ಎಕರೆ ತನ್ನದೆಂದು ಗುರುತು ಹಾಕಿಕೊಂಡು ಮನೆ ಕಟ್ಟಿದ್ದ. 1897ರಲ್ಲಿ ಹಡಗುಗಳಲ್ಲಿ ಬಂದಿಳಿದ ಜನ ಅವನ ಜಮೀನಿನ ಮೇಲೇ ಲೇಔಟ್ ಮಾಡಿ ಸೈಟು ಹಂಚಿಕೊಂಡರು. ಅಳತೆ ಮಾಡಿಕೊಟ್ಟವನು ರೀಡ್. ಮೂರ್‌ನ ಮನೆ ಬೀದಿಗೆ ಅಡ್ಡ ಬಂತು. ಅವನು ಕೋರ್ಟಿಗೆ ಅಲೆದ. ಒತ್ತುವರಿ ಅಂದರೆ ಏನು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಆದರೆ ನಿಮ್ಮ ಕಥೆಯಲ್ಲಿ ಮೂರ್ ಇಲ್ಲವೇ ಇಲ್ಲ. ಗುಮಾಸ್ತ ಇಳಿದುಕೊಂಡ ಡೇರೆ ಯಾರ ನೆಲದ ಮೇಲಿದೆ? ಅದಕ್ಕೆ ಬಾಡಿಗೆ ಯಾರು ತಗೊಳ್ಳುತ್ತಿದ್ದಾರೆ?

ಗುಮಾಸ್ತ ತನ್ನ ಒದ್ದೆ ಬೂಟಿನೊಳಗೆ ಹಳೆ ಪೇಪರ್ ತುರುಕುವ ಸಾಲುಗಳನ್ನು ಮಾತ್ರ ಮುಟ್ಟಬೇಡಿ. ಹದಿನಾಲ್ಕು ಪುಟದಲ್ಲಿ ನೀವು ನಿಜವಾಗಿ ಕಂಡು ಬರೆದ ಜಾಗ ಅದು. ಹತ್ತು ಪುಟಕ್ಕೆ ಇಳಿಸಿ, ತಿದ್ದಿ ನನ್ನ ಹೆಸರಿಗೇ ಕಳಿಸಿ. ಅವಸರ ಇಲ್ಲ.